ತೋರಿಸುವುದು ಒಂದು, ಬಾಗಿಲೊಳಗೆ ಹಾಕುವುದು ಇನ್ನೊಂದು: ತುಮಕೂರಿನಲ್ಲಿ ಕಾರಿಗೆ ಆಡಿಯೋ ಹಾಕಿಸುವವರು ದಯವಿಟ್ಟು ಓದಿ

ಕಾರಿನ ಕಂಪನಿ ಸ್ಪೀಕರ್ ತೆಗೆಸಿ ಒಳ್ಳೆಯ ದುಬಾರಿ ಸೆಟ್ ಹಾಕಿಸಬೇಕು ಎಂದು ತುಮಕೂರಿನಲ್ಲಿ ಯಾರಾದರೂ ಅಂಗಡಿ ಹುಡುಕುತ್ತಿದ್ದರೆ, ಮುಂಗಡ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ನನ್ನಿಂದ 62,000 ರೂಪಾಯಿ ತೆಗೆದುಕೊಂಡು, ಮೇಜಿನ ಮೇಲೆ ಅಸಲಿ ಮಾಲು ತೋರಿಸಿ, ಬಾಗಿಲೊಳಗೆ ನಕಲಿ ಮಾಲು ತುಂಬಿ ಕಳುಹಿಸಿದ್ದಾರೆ. ಕೇಳಿದರೆ ನನ್ನನ್ನೇ ಸುಳ್ಳುಗಾರನನ್ನಾಗಿ ಮಾಡುತ್ತಿದ್ದಾರೆ. ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿರುವುದರಿಂದ ಅಂಗಡಿಯ ಹೆಸರು ಬರೆಯಬೇಡಿ ಎಂದು ವಕೀಲರು ಹೇಳಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ. ಆದರೆ ನಡೆದದ್ದನ್ನು ಬರೆಯದೆ ಇರಲು ಆಗುತ್ತಿಲ್ಲ.

ನಾನು ತುಮಕೂರಿನಿಂದ ಶಿರಾಕ್ಕೆ ಕೆಲಸಕ್ಕೆ ಹೋಗಿ ಬರುವವನು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಿನವೂ ಎರಡು ಗಂಟೆ ಕಾರಿನಲ್ಲೇ ಕಳೆಯುತ್ತೇನೆ. ಹಿಂದೂಸ್ತಾನಿ ಗಾಯನ, ವಚನ ಗಾಯನ ಕೇಳುವುದು ನನಗೆ ಅಪ್ಪನಿಂದ ಬಂದ ಅಭ್ಯಾಸ. ಕಂಪನಿಯವರು ಕೊಟ್ಟ ಸ್ಪೀಕರ್ ಊರೊಳಗೆ ಪರವಾಗಿಲ್ಲ, ಆದರೆ ಗಾಡಿ ಎಂಬತ್ತರ ವೇಗಕ್ಕೆ ಬಂದರೆ ಟಯರ್ ಸದ್ದಿನಲ್ಲಿ ತಂಬೂರಿ ಮುಳುಗಿಹೋಗುತ್ತದೆ, ತಬಲಾದ ಎಡಗೈ ಕೇಳಿಸುವುದೇ ಇಲ್ಲ. ವರ್ಷಗಟ್ಟಲೆ ಇಟ್ಟುಕೊಂಡಿದ್ದ ಆಸೆ ಇದು. ಯುಗಾದಿಗೆ ಮುಂಚೆ ಮಾಡಿಸೋಣ ಎಂದು ಹೊರಟೆ.

ಅಂಗಡಿ ಚೆನ್ನಾಗಿಯೇ ಇತ್ತು. ಗಾಜಿನ ಬಾಗಿಲು, ಎಸಿ, ಗೋಡೆಯ ತುಂಬ ಸ್ಪೀಕರ್ ಜೋಡಿಸಿದ ಹಲಗೆ. ಮಾಲೀಕರು ಜಪಾನಿನ ಹೆಸರಾಂತ ಕಂಪನಿಯೊಂದರ ಸೀಲ್ ಇರುವ ಡಬ್ಬಿ ತಂದು ನನ್ನ ಎದುರಿಗೇ ಬ್ಲೇಡಿನಲ್ಲಿ ಬಿಚ್ಚಿದರು. ತಗ್ಗು ದನಿಗೆ ಆರೂವರೆ ಇಂಚಿನ ವೂಫರ್, ಏರು ದನಿಗೆ ಪ್ರತ್ಯೇಕ ಟ್ವೀಟರ್, ಎರಡಕ್ಕೂ ದನಿ ಹಂಚಿಕೊಡುವ ಕ್ರಾಸ್‌ಓವರ್ ಪೆಟ್ಟಿಗೆಗಳು. ವೂಫರನ್ನು ನನ್ನ ಕೈಗೇ ಕೊಟ್ಟು, "ತೂಕ ನೋಡಿ ಸರ್, ಮ್ಯಾಗ್ನೆಟ್ ನೋಡಿ. ನಾವು ಲೋಕಲ್ ಮಾಲು ಮುಟ್ಟುವುದೇ ಇಲ್ಲ" ಎಂದರು. ಹಿಂದಿನ ಬಾಗಿಲುಗಳಿಗೆ ಅದೇ ಕಂಪನಿಯ ಸ್ಪೀಕರ್, ಚಾನೆಲ್‌ಗೆ 75 ವ್ಯಾಟ್ ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಶಕ್ತಿ) ಕೊಡುವ ನಾಲ್ಕು ಚಾನೆಲ್ ಆಂಪ್ಲಿಫೈಯರ್, ಬ್ಯಾಟರಿಯಿಂದ ಶುದ್ಧ ತಾಮ್ರದ 4 ಗೇಜ್ ಕೇಬಲ್, ಬಾಗಿಲಿನ ತಗಡು ಅದುರದಂತೆ ಅಂಟಿಸುವ ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್. ಎಲ್ಲ ಸೇರಿ 64,500 ಎಂದು ಬರೆದು, ಚೌಕಾಸಿ ಮಾಡಿದ ಮೇಲೆ 62,000ಕ್ಕೆ ಇಳಿಸಿದರು. ಮುಂಗಡ 20,000 ಮೊಬೈಲ್‌ನಲ್ಲಿ ಕಳುಹಿಸಿದೆ. ಉಳಿದದ್ದನ್ನು ನಗದು ಕೇಳಿದರು, ಕೊಟ್ಟೆ. ಬಿಲ್ಲು ಕೇಳಿದ್ದಕ್ಕೆ, "ಜಿಎಸ್‌ಟಿ ಬಿಲ್ಲು ಹಾಕಿದರೆ ನಿಮಗೇ ಹೊರೆ ಸರ್" ಎಂದು ಲೆಟರ್‌ಹೆಡ್ಡಿನ ಹಾಳೆಯಲ್ಲಿ ಮಾಡೆಲ್ ನಂಬರುಗಳನ್ನೆಲ್ಲ ಬರೆದು, ಹಣ ಸಂದಾಯ ಎಂದು ಸೇರಿಸಿ, ಸಹಿ ಹಾಕಿ, ಸೀಲ್ ಒತ್ತಿ ಕೊಟ್ಟರು. ಆ ಹಾಳೆಯನ್ನು ನಾನು ಜೋಪಾನ ಮಾಡಿದ್ದೇನೆ.

ಫಿಟ್ಟಿಂಗ್ ನೋಡುತ್ತಾ ಅಲ್ಲೇ ಕೂರುತ್ತೇನೆ ಎಂದೆ. "ಗಾಡಿ ಬಿಟ್ಟು ಹೋಗಿ ಸರ್, ಓನರ್ ಪಕ್ಕದಲ್ಲಿ ನಿಂತರೆ ಹುಡುಗರಿಗೆ ಕೈ ಓಡುವುದಿಲ್ಲ" ಎಂದರು. ಗಾಡಿ ವಾಪಸ್ ತರಲು ಹೋದಾಗ ಡಬ್ಬಿಗಳನ್ನು ಕೇಳಿದೆ. "ಅದು ವಾರಂಟಿಗೆ ನಮ್ಮ ಹತ್ತಿರವೇ ಇರಬೇಕು ಸರ್." ಬಿಚ್ಚಿದ ಕಂಪನಿ ಸ್ಪೀಕರ್ ಕೇಳಿದೆ. "ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ, ಗುಜರಿಗೆ ಹೋಯಿತು." ನನ್ನ ಗಾಡಿಯ ಸ್ಪೀಕರ್, ನನ್ನನ್ನು ಕೇಳದೆ ಗುಜರಿಗೆ!

ಅಂಗಡಿಯ ಮುಂದೆ ಹುಡುಗ ಬೇಸ್ ಪೂರ್ತಿ ಏರಿಸಿ ಯಾವುದೋ ಢಮಢಮ ಹಾಡು ಹಾಕಿದ. ಕಿಟಕಿ ಗಾಜು ಅದುರಿತು. "ನೋಡಿ ಅಣ್ಣ, ಹೇಗಿದೆ?" ಎಂದ. ಆ ಗದ್ದಲದಲ್ಲಿ ಯಾರಿಗೆ ಏನು ತಿಳಿಯುತ್ತದೆ? ಮರುದಿನ ಹೆದ್ದಾರಿಯಲ್ಲಿ ಗಾಯನ ಹಾಕಿದಾಗ ತಿಳಿಯಿತು. ದನಿ ಕೀರಲು, ತಂಬೂರಿಯ ಜಾಗದಲ್ಲಿ ತಗಡು ಬಡಿದಂತಹ ಸದ್ದು. ಅದರ ಜೊತೆಗೆ ಆಕ್ಸಿಲರೇಟರ್ ಒತ್ತಿದಷ್ಟೂ ಏರುವ ಕುಂಯ್ ಎಂಬ ಶಬ್ದ. ಎಂಜಿನ್ ವೇಗ ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಹಾಡು ನಿಲ್ಲಿಸಿದರೂ ನಿಲ್ಲುವುದಿಲ್ಲ.

ಫೋನ್ ಮಾಡಿದೆ. "ಹೊಸ ಸ್ಪೀಕರ್ ಸರ್, ನೂರು ಗಂಟೆ ಓಡಲಿ, ಸೆಟ್ ಆಗುತ್ತದೆ." ಹೊಸ ಸ್ಪೀಕರ್ ಸ್ವಲ್ಪ ಪಳಗಬೇಕು ಎಂಬುದು ನಿಜವೇ ಇರಬಹುದು. ಆದರೆ ಎಂಜಿನ್ ಜೊತೆ ಏರಿಳಿಯುವ ಕುಂಯ್ ಶಬ್ದಕ್ಕೂ ಸ್ಪೀಕರ್ ಪಳಗುವುದಕ್ಕೂ ಯಾವ ಸಂಬಂಧವೂ ಇಲ್ಲ. ಆಂಪ್ಲಿಫೈಯರಿನ ಅರ್ತಿಂಗ್ ಸರಿಯಾಗಿ ಕೂರದಿದ್ದರೆ, ಅಥವಾ ಸಿಗ್ನಲ್ ವೈರನ್ನು ಬ್ಯಾಟರಿ ಕೇಬಲ್ಲಿಗೆ ಅಂಟಿಸಿಕೊಂಡೇ ಎಳೆದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದು ಹಾಗೆ ಸೇರಿಕೊಳ್ಳುತ್ತದೆ. ದಿನವೂ ಇದೇ ಕೆಲಸ ಮಾಡುವ ಅವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಹೇಳಿದರು.

ಏಪ್ರಿಲ್ ಬಿಸಿಲು ಏರಿತು. ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಬಾಗಿಲು ತೆರೆದರೆ ರಸ್ತೆಗೆ ಡಾಂಬರು ಹಾಕುವಾಗ ಬರುವ ವಾಸನೆ. ಮಗಳಿಗೆ ತಲೆನೋವು ಬಂದು ಗಾಡಿ ಹತ್ತುವುದಿಲ್ಲ ಎಂದು ಕುಳಿತಳು. ಫೋನ್ ಮಾಡಿದೆ. "ಹೊಸ ಮ್ಯಾಟ್ ಹಾಕಿದ್ದೀರಾ ಸರ್?" ಆಮೇಲೆ ಬ್ಯಾಟರಿ. ರಜೆ ಮುಗಿಸಿ ಸೋಮವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಿಕ್ ಟಿಕ್, ಅಷ್ಟೇ. ಪಕ್ಕದ ಮನೆಯವರಿಂದ ತಳ್ಳಿಸಿಕೊಂಡು ಕೆಲಸಕ್ಕೆ ತಡವಾಗಿ ಹೋದೆ. ಮುಂದಿನ ರಜೆಯ ನಂತರವೂ ಅದೇ. "ಬ್ಯಾಟರಿ ಹಳೆಯದಾಗಿರಬೇಕು ಸರ್." ಗಾಡಿಗೇ ಆಗ ಒಂದು ವರ್ಷ ತುಂಬಿತ್ತು ಅಷ್ಟೇ!

ಮುಂಗಾರು ಪೂರ್ವ ಮಳೆ ಬಿದ್ದ ದಿನ ಮುಂದಿನ ಕಾರ್ಪೆಟ್ ನೆನೆದು ತೊಪ್ಪೆಯಾಗಿತ್ತು. ಗಾಜು ಪೂರ್ತಿ ಮುಚ್ಚಿತ್ತು. ಅಂಗಡಿಯವರಿಗೆ ಹೇಳುವುದು ಬಿಟ್ಟು ಕಂಪನಿಯ ಸರ್ವಿಸ್ ಸೆಂಟರಿಗೆ ಗಾಡಿ ಒಯ್ದೆ. ಜೊತೆಯಲ್ಲಿ ಭಾವ ಬಂದಿದ್ದರು. ಈ ಸೆಟ್ ಬಗ್ಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಾನು ಹೇಳಿಕೊಂಡಿದ್ದು ಭಾವನ ಹತ್ತಿರವೇ. ಅವರ ಗಾಡಿಗೂ ಅಲ್ಲೇ ಹಾಕಿಸೋಣ ಎಂದು ಮಾತಾಗಿತ್ತು.

ಮೆಕ್ಯಾನಿಕ್ ಡೋರ್ ಪ್ಯಾಡ್ ಬಿಚ್ಚಿದ. ಆ ಹತ್ತು ನಿಮಿಷ ನಾನು ಮರೆಯುವುದಿಲ್ಲ. ಬಾಗಿಲಿನ ತಗಡಿನ ಒಳಗೆ ಇಳಿಯುವ ಮಳೆನೀರು ಗಾಡಿಯೊಳಗೆ ಬರದಂತೆ ಕಂಪನಿಯವರು ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಅರ್ಧ ಹರಿದು ಹಾಗೇ ಬಿಟ್ಟಿದ್ದರು. ಬ್ಯುಟೈಲ್ ಎಂದು 9,000 ಹಿಡಿದ ಶೀಟಿನ ಜಾಗದಲ್ಲಿ ಛಾವಣಿ ಸೋರದಂತೆ ಹಾಕುವ ಡಾಂಬರು ಹಾಳೆ. ಬಿಸಿಲಿಗೆ ಕರಗಿ ಕೆಳಗೆ ಜಾರಿ, ನೀರು ಹರಿದು ಹೋಗುವ ತೂತುಗಳನ್ನು ಮುಚ್ಚಿಕೊಂಡು ಕುಳಿತಿತ್ತು. ಮೆಕ್ಯಾನಿಕ್ ಬೆರಳಿಟ್ಟರೆ ಕಪ್ಪಗೆ ಎಳೆ ಎಳೆಯಾಗಿ ಅಂಟಿಕೊಂಡು ಬಂತು.

ಸ್ಪೀಕರ್ ಹೊರತೆಗೆದು ನನ್ನ ಕೈಗೆ ಕೊಟ್ಟ. ಅಂಗಡಿಯಲ್ಲಿ ಹಿಡಿದಿದ್ದರ ಅರ್ಧ ತೂಕವೂ ಇಲ್ಲ. ಮಧ್ಯದಲ್ಲಿ ಜಪಾನಿ ಕಂಪನಿಯ ಹೆಸರು ಇತ್ತು. ಮೆಕ್ಯಾನಿಕ್ ಉಗುರಿನಿಂದ ಅಂಚು ಕೆರೆದ. ಹೆಸರು ಎದ್ದು ಬಂತು. ಸ್ಟಿಕ್ಕರ್! ಅದರ ಕೆಳಗೆ ಏನೂ ಬರೆದಿರದ ಕಪ್ಪು ಪ್ಲಾಸ್ಟಿಕ್. ಕ್ರಾಸ್‌ಓವರ್ ಪೆಟ್ಟಿಗೆ ಎಲ್ಲಿ ಎಂದು ಹುಡುಕಿದರೆ ಇಲ್ಲವೇ ಇಲ್ಲ. ಟ್ವೀಟರಿನ ವೈರಿಗೆ ಕಡಲೆಕಾಳಿನಷ್ಟು ಕೆಪಾಸಿಟರ್ ಕಟ್ಟಿ ಕಪ್ಪು ಟೇಪು ಸುತ್ತಿದ್ದರು. ವೈರುಗಳನ್ನು ಜೋಡಿಸಲು ಕಾರಿನ ಕಂಪನಿಯವರು ಕೊಟ್ಟಿದ್ದ ಕಪ್ಲರ್ ಕತ್ತರಿಸಿ ಎಸೆದು, ವೈರುಗಳನ್ನು ಕೈಯಲ್ಲಿ ತಿರುಚಿ ಅದಕ್ಕೂ ಟೇಪು. ನಾನು ಸ್ಟಿಕ್ಕರ್ ಹಿಡಿದುಕೊಂಡು ನಿಂತಿದ್ದೆ. ಭಾವ ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಸೀಟಿನ ಕೆಳಗೆ ಕಾರ್ಪೆಟ್ ಎತ್ತಿದರೆ ಆಂಪ್ಲಿಫೈಯರ್. ಮೇಲೆ 3000 ವ್ಯಾಟ್ ಎಂದು ದಪ್ಪ ಅಕ್ಷರ, ಪಕ್ಕದಲ್ಲಿ ಒಂದೇ ಒಂದು 30 ಆಂಪಿಯರ್ ಫ್ಯೂಸ್. ಓಡುವ ಗಾಡಿಯಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. 30ನ್ನು 14ರಿಂದ ಗುಣಿಸಿದರೆ 420 ವ್ಯಾಟ್. ಅದರೊಳಗೆ ಹೋಗುವುದೇ ಅಷ್ಟು, ಒಂದಷ್ಟು ಶಾಖವಾಗಿ ಹೋಗುತ್ತದೆ, 3000 ಹೊರಗೆ ಬರುವುದು ಎಲ್ಲಿಂದ? ಅದನ್ನು ಆನ್ ಆಫ್ ಮಾಡುವ ರಿಮೋಟ್ ವೈರನ್ನು ಸ್ಟೀರಿಯೋಗೆ ಕೊಡದೆ, ಸದಾ ಕರೆಂಟ್ ಇರುವ ಲೈನಿಗೆ ಕೊಟ್ಟಿದ್ದರು. ಗಾಡಿ ನಿಂತಿದ್ದಾಗಲೂ ಆಂಪ್ಲಿಫೈಯರ್ ಹಗಲು ರಾತ್ರಿ ಬ್ಯಾಟರಿ ಹೀರುತ್ತಿತ್ತು. ಬ್ಯಾಟರಿ ಹಳೆಯದಂತೆ!

ಬಾನೆಟ್ ತೆರೆದ ಮೇಲೆ ಮೆಕ್ಯಾನಿಕ್‌ಗೇ ಸಿಟ್ಟು ಬಂತು. ಬ್ಯಾಟರಿಯಿಂದ ಹೊರಟ ಕೆಂಪು ಕೇಬಲ್ಲಿಗೆ ಬ್ಯಾಟರಿಯ ಹತ್ತಿರ ಫ್ಯೂಸೇ ಇಲ್ಲ. ಆ ಕೇಬಲ್ ತಗಡಿನ ತೂತಿನ ಮೂಲಕ ಗಾಡಿಯೊಳಗೆ ಹೋಗುತ್ತದೆ, ತೂತಿಗೆ ರಬ್ಬರ್ ಬುಷ್ ಕೂಡ ಇಲ್ಲ. ಸಿಪ್ಪೆ ಸವೆದು ತಗಡಿಗೆ ತಾಗಿದರೆ ಬೆಂಕಿಯೇ. ಆಂಪ್ಲಿಫೈಯರಿನ ಪಕ್ಕದ ಫ್ಯೂಸ್ ಆಂಪ್ಲಿಫೈಯರನ್ನು ಮಾತ್ರ ಕಾಯುತ್ತದೆ, ಕೇಬಲ್ಲನ್ನು ಕಾಯಬೇಕಾದದ್ದು ಬ್ಯಾಟರಿಯ ಬಳಿಯ ಫ್ಯೂಸ್. ಕೇಬಲ್ಲಿನ ತುದಿಯ ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ತೋರಿಸಿದ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಈ ಗಾಡಿಯಲ್ಲಿ ನನ್ನ ಮಕ್ಕಳನ್ನು ಕೂರಿಸಿಕೊಂಡು ದೇವರಾಯನದುರ್ಗ ಹತ್ತಿದ್ದೆ. ದುಡ್ಡು ಹೋದದ್ದಕ್ಕಿಂತ ಇದು ನನಗೆ ಹೊಟ್ಟೆ ಉರಿಸುತ್ತದೆ. ಸರ್ವಿಸ್ ಸೆಂಟರಿನವರು ಜಾಬ್ ಕಾರ್ಡಿನಲ್ಲಿ ಹೊರಗಿನವರು ವೈರಿಂಗ್ ಕತ್ತರಿಸಿದ್ದಾರೆ ಎಂದು ಬರೆದರು. ಆ ಭಾಗಕ್ಕೆ ಕಂಪನಿ ವಾರಂಟಿಯೂ ಹೋಯಿತು.

ಎಲ್ಲದರ ಫೋಟೋ ತೆಗೆದುಕೊಂಡು ನೇರ ಅಂಗಡಿಗೆ ಹೋದೆ. ಮಾಲೀಕರು ಸ್ಪೀಕರ್ ತಿರುಗಿಸಿಯೂ ನೋಡದೆ, "ಇದು ನಮ್ಮ ಮಾಲಲ್ಲ" ಎಂದರು. ನಿಮ್ಮ ಹುಡುಗನೇ ಹಾಕಿದ್ದಲ್ಲವೇ ಎಂದೆ. "ಆ ಹುಡುಗ ಕೆಲಸ ಬಿಟ್ಟ." ನಿಮ್ಮ ಸಹಿ ಇದೆಯಲ್ಲ ಎಂದು ಹಾಳೆ ತೋರಿಸಿದೆ. "ಅದು ಕೊಟೇಶನ್ ಸರ್, ಬಿಲ್ಲಲ್ಲ." ಕೊಟೇಶನ್ನಿಗೆ ಹಣ ಸಂದಾಯ ಎಂದು ಯಾರು ಬರೆಯುತ್ತಾರೆ ಎಂದು ಕೇಳಿದೆ, ಉತ್ತರವಿಲ್ಲ. ಆಮೇಲೆ ಸ್ವರ ಏರಿತು: "ಬೇರೆಯವರ ಹತ್ತಿರ ಬಾಗಿಲು ಬಿಚ್ಚಿಸಿದ್ದೀರಿ. ಅಲ್ಲಿಗೆ ನಮ್ಮ ಗ್ಯಾರಂಟಿ ಮುಗಿಯಿತು. ಸರ್ವಿಸ್ ಸೆಂಟರಿನವರೇ ಸ್ಪೀಕರ್ ಬದಲಾಯಿಸಿರಬೇಕು, ಅವರನ್ನು ಕೇಳಿ." ಕೂತಿದ್ದ ಬೇರೆ ಗಿರಾಕಿಗಳ ಮುಂದೆ, "ಇವರು ದುಡ್ಡು ವಾಪಸ್ ಕೇಳಲು ನಾಟಕ ಮಾಡುತ್ತಿದ್ದಾರೆ" ಎಂದರು. ನನ್ನ ಹಣ ತಿಂದು, ನನ್ನ ಗಾಡಿ ಹಾಳು ಮಾಡಿ, ನಾಲ್ಕು ಜನರ ಮುಂದೆ ನಾನು ನಾಟಕ ಮಾಡುತ್ತಿದ್ದೇನಂತೆ. ಮೈಯೆಲ್ಲ ಉರಿಯಿತು. ಅಂದು ರಾತ್ರಿ ವಾಟ್ಸಾಪ್‌ನಲ್ಲಿ ಬರೆದೆ. "ನಿಮ್ಮಂಥ ಗಿರಾಕಿ ನಮಗೆ ಬೇಡ ಸರ್" ಎಂಬ ಒಂದೇ ಸಾಲು ಬಂತು. ಆಮೇಲೆ ನನ್ನ ನಂಬರ್ ಬ್ಲಾಕ್.

ಹಾಕಿಸುವವರು ಹಾಕಿಸಿ, ಬೇಡ ಎನ್ನುವುದಿಲ್ಲ. ಒಳ್ಳೆಯ ಕೆಲಸ ಮಾಡುವವರೂ ಇದ್ದಾರೆ. ಆದರೆ ಡೋರ್ ಪ್ಯಾಡ್ ಮುಚ್ಚುವವರೆಗೆ ಗಾಡಿಯ ಪಕ್ಕದಿಂದ ಕದಲಬೇಡಿ. ನಿಲ್ಲಬೇಡಿ ಎನ್ನುವ ಅಂಗಡಿಯಿಂದ ಗಾಡಿ ತಿರುಗಿಸಿಕೊಂಡು ಬನ್ನಿ. ಬಿಚ್ಚಿದ ಡಬ್ಬಿ, ಬಿಚ್ಚಿದ ಹಳೆಯ ಸ್ಪೀಕರ್ ಎರಡೂ ನಿಮ್ಮವು, ಡಿಕ್ಕಿಯಲ್ಲಿ ಇಡಿಸಿಕೊಳ್ಳಿ. ಆಮದು ಮಾಲಿನ ಡಬ್ಬಿಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು, ಇಲ್ಲದಿದ್ದರೆ ಮುಟ್ಟಬೇಡಿ. ವೈರ್ ಕತ್ತರಿಸದೆ ಕಪ್ಲರ್ ಹಾಕಿಕೊಡಿ ಎಂದು ಬರೆಸಿಕೊಳ್ಳಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇದೆಯೇ ಎಂದು ಬಾನೆಟ್ ತೆಗೆಸಿ ಕಣ್ಣಾರೆ ನೋಡಿ. ಜಿಎಸ್‌ಟಿ ಬಿಲ್ಲು ಇಲ್ಲದೆ ಒಂದು ರೂಪಾಯಿಯೂ ಬೇಡ. ಬಿಲ್ಲು ಹೊರೆ ಎನ್ನುವವನೇ ಮೋಸಗಾರ, ಬರೆದಿಟ್ಟುಕೊಳ್ಳಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಅದರಿಂದ ಅಂಗಡಿಯವರು ಜಗ್ಗಲಿಲ್ಲ. ಈಗ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟಿದ್ದೇನೆ. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕವೇ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಸಹಿ ಮಾಡಿದ ಹಾಳೆ, ಮುಂಗಡ ಕಳುಹಿಸಿದ ದಾಖಲೆ, ಜಾಬ್ ಕಾರ್ಡ್, ಫೋಟೋ, ವಾಟ್ಸಾಪ್ ಉತ್ತರ ಎಲ್ಲ ಸೇರಿಸಿದ್ದೇನೆ. ಇದು ಗೊತ್ತಾದ ಕೂಡಲೇ ಬ್ಲಾಕ್ ಮಾಡಿದ್ದ ಮನುಷ್ಯ ಬೇರೆ ನಂಬರಿನಿಂದ ಕರೆ ಮಾಡಿ, "ಹದಿನೈದು ಸಾವಿರ ಕೊಡುತ್ತೇನೆ, ದೂರು ವಾಪಸ್ ತೆಗೆದುಕೊಳ್ಳಿ ಸರ್" ಎಂದರು. ಮಾಲು ನಿಮ್ಮದಲ್ಲ ಎಂದಿದ್ದಿರಲ್ಲ, ಮತ್ತೆ ಹದಿನೈದು ಸಾವಿರ ಯಾವುದಕ್ಕೆ ಎಂದು ಕೇಳಿದೆ. ಫೋನ್ ಇಟ್ಟರು. ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಸ್ಟಿಕ್ಕರ್ ಸಮೇತ ಆ ಸ್ಪೀಕರುಗಳು, ಆ ಕೇಬಲ್ಲು, ಆಂಪ್ಲಿಫೈಯರ್ ನನ್ನ ಹತ್ತಿರವೇ ಇವೆ. ತುಮಕೂರಿನಲ್ಲಿ ಈಚೆಗೆ ಕಾರಿಗೆ ಆಡಿಯೋ ಹಾಕಿಸಿ, ಬಿಲ್ಲಿನ ಬದಲು ಲೆಟರ್‌ಹೆಡ್ ಹಾಳೆ ಪಡೆದವರು ಯಾರಾದರೂ ಇದ್ದರೆ ನಂಬಿಕೆಯ ಮೆಕ್ಯಾನಿಕ್ ಹತ್ತಿರ ಒಂದು ಬಾಗಿಲು ಬಿಚ್ಚಿಸಿ ನೋಡಿ, ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ನಿಮಗೂ ಹೀಗೇ ಆಗಿದ್ದರೆ ನನಗೆ ತಿಳಿಸಿ. ಒಂದೇ ಬಗೆಯ ಅನ್ಯಾಯ ಆದವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.