ತಿಂಗಳಿಗೆ 600 ರೂಪಾಯಿಯ ಕುರ್ಚಿ

ಮೊದಲು ಚಿಲಕದ ವಿಷಯ ಹೇಳಿ ಮುಗಿಸುತ್ತೇನೆ. ತಿಂಗಳಿಗಿಷ್ಟು ಎಂದು ಹಣ ಕಟ್ಟಿ ಕೂತು ಓದುವ ಒಂದು ರೀಡಿಂಗ್ ರೂಮಿಗೆ ನಾನು ಸೇರಿದ ಮೇಲೆ ಐದು ವಾರ ಅಲ್ಲಿಯ ಹೆಂಗಸರ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಕಾವಲು ನಿಲ್ಲಬೇಕಿತ್ತು. ಈ ಫಜೀತಿಯೇ ಬೇಡವೆಂದು ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ, ಬೆಳಿಗ್ಗೆ ತಂದ ತುಂಬಿದ ಬಾಟಲಿಯನ್ನು ಸಂಜೆ ತುಂಬಿದಂತೆಯೇ ಮನೆಗೆ ಒಯ್ಯುವವರನ್ನು ನೋಡಿದ್ದೇನೆ. ಎರಡು ಸಲ ಹೇಳಿದೆ, ಆಗಲಿಲ್ಲ. ಮೂರನೆಯ ಸಲ ಬಾಯಿಂದ ಹೇಳಲಿಲ್ಲ. 60 ರೂಪಾಯಿ ಕೊಟ್ಟು ಚಿಲಕ ಕೊಂಡು ತಂದು ಮಾಲೀಕರ ಮೇಜಿನ ಮೇಲೆ ಇಟ್ಟೆ. ಮರುದಿನ ಅದು ಬಾಗಿಲಿಗೆ ಬಂದಿತ್ತು. ಮುಂದಿನ ತಿಂಗಳ ರಸೀದಿಯಲ್ಲಿ 60 ರೂಪಾಯಿ ಕಡಿತವೂ ಆಗಿತ್ತು. ಮನುಷ್ಯ ಕೆಟ್ಟವರಲ್ಲ. ಆ ಬಾಗಿಲಿನ ಒಳಗೆ ಅವರು ಎಂದೂ ಹೋಗಿರಲಿಲ್ಲ, ಅಷ್ಟೆ.

ಆ ರೀಡಿಂಗ್ ರೂಮು ಕೇಂದ್ರ ಬಸ್ ನಿಲ್ದಾಣದಿಂದ ಹದಿನೈದು ನಿಮಿಷ ನಡೆದರೆ ಸಿಗುತ್ತದೆ. ಹೆಸರು ಬರೆಯುವುದಿಲ್ಲ. ಚಿಲಕದ ಕತೆ ಹೇಳಿದ ಮೇಲೆ ಹೆಸರನ್ನೂ ಹೇಳಿದರೆ ಮಾಲೀಕ ಕಾಕಾ ನನ್ನೊಂದಿಗೆ ಮಾತು ಬಿಡುತ್ತಾರೆ. ಮೇಲಿನ ಮಹಡಿ ಗಂಡಸರಿಗೆ, ಕೆಳಗಿನದು ಹೆಂಗಸರಿಗೆ. ಕೆಳಗೆ ಹದಿನೆಂಟು ಕ್ಯಾಬಿನ್‌ಗಳಿವೆ. ಕ್ಯಾಬಿನ್ ಎಂದರೆ ಮೂರು ಕಡೆ ಪ್ಲೈವುಡ್, ಒಂದು ಬಲ್ಬು, ಒಂದು ಪ್ಲಗ್, ಒಂದು ಕುರ್ಚಿ. ಬರುವವರಲ್ಲಿ ಹೆಚ್ಚಿನವರು ಪಿಎಸ್ಐ, ಟಿಇಟಿ ಪರೀಕ್ಷೆಗೆ ಓದುವವರು. ಪದವಿಗಾಗಿ ಓದುವವರು ನಾಲ್ಕೈದು ಜನ. ಮದುವೆಯಾಗಿ, ಮಗಳು ಐದನೆಯ ತರಗತಿಗೆ ಬಂದ ಮೇಲೆ ಬಿಎ ಓದುತ್ತಿರುವವಳು ನಾನೊಬ್ಬಳೇ.

ನನ್ನ ಬಿಎ ಐದನೆಯ ಸೆಮಿಸ್ಟರ್‌ನ ಶುಲ್ಕ ಕಟ್ಟುವ ವಾರದಲ್ಲಿ ನಿಂತುಹೋಯಿತು. ಆ ವಾರ ನನ್ನ ಮದುವೆಯಿತ್ತು. ಈಗ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಹೆಸರು ಹಚ್ಚಿ, ಮೊದಲ ವರ್ಷದಿಂದ ಆರಂಭಿಸಿ, ಕೊನೆಯ ವರ್ಷಕ್ಕೆ ಬಂದಿದ್ದೇನೆ. ಬಸ್ ನಿಲ್ದಾಣದಲ್ಲಿ ಇಳಿದಾಗೆಲ್ಲ ಬಾರಾಕಮಾನಿನ ನೆನಪಾಗುತ್ತದೆ. ಎರಡನೆಯ ಅಲಿ ಆದಿಲ್ ಶಾಹಿಯ ಸಮಾಧಿ, ಕಮಾನುಗಳ ಮಟ್ಟಕ್ಕೇ ನಿಂತುಬಿಟ್ಟಿದೆ. ಅರ್ಧಕ್ಕೆ ನಿಂತ ಆ ಕಟ್ಟಡವನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅರ್ಧಕ್ಕೆ ನಿಂತ ಬಿಎ ಅಂಕಪಟ್ಟಿಯನ್ನು ಮಾತ್ರ ಪೆಟ್ಟಿಗೆಯಲ್ಲಿ ಸೀರೆಯ ಕೆಳಗೆ ಇಡಬೇಕಾಗುತ್ತದೆ.

ಮನೆಯಲ್ಲಿ ಓದಬೇಡವೆಂದು ಯಾರೂ ಹೇಳಿದವರಲ್ಲ. ನಮ್ಮದು ಟಿಕೋಟಾ ಕಡೆಯ ಹಳ್ಳಿ, ದ್ರಾಕ್ಷಿ ಮನೆತನ. ಪುಸ್ತಕ ಹಿಡಿದು ಕೂತ ಹೆಂಗಸು ನಮ್ಮಲ್ಲಿ ಎಲ್ಲರ ಕಣ್ಣಿಗೂ ಖಾಲಿ ಕೂತ ಹೆಂಗಸಾಗಿಯೇ ಕಾಣುತ್ತಾಳೆ. ಒಂದು ಪುಟ ಮುಗಿಯುವುದರೊಳಗೆ ಆಳುಗಳಿಗೆ ಚಹಾ, ಅದರ ಹಿಂದೆ ರೊಟ್ಟಿ, ಅದರ ಹಿಂದೆ ಯಾರೋ ನೆಂಟರು. ಇಲ್ಲಿಗೆ ಸೇರಲು ಹಣ ಬೇಕೆಂದಾಗ ನಮ್ಮ ಅತ್ತೆ ತಮ್ಮ ಗೃಹಲಕ್ಷ್ಮಿಯ 2000 ರೂಪಾಯಿಯಿಂದ 700 ಎಣಿಸಿ ಕೊಟ್ಟರು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅವರೇ ಆದ್ದರಿಂದ ಆ ಹಣ ಬರುವುದು ಅವರ ಖಾತೆಗೆ. ಕೊಟ್ಟ ದಿನದಿಂದ ಮನೆಯ ಗಾಳಿಯೇ ಬದಲಾಯಿತು. ಕೊಟ್ಟ ದುಡ್ಡು ದಂಡವಾಗುವುದನ್ನು ಅತ್ತೆ ಸಹಿಸುವುದಿಲ್ಲ. ಒಂದು ದಿನ ಜ್ವರವೆಂದು ಮಲಗಿದ್ದರೆ, "ಏಳುನೂರು ಕಟ್ಟಿದ್ದೀಯಲ್ಲ, ಏಳು, ಅಲ್ಲೇ ಹೋಗಿ ಮಲಗು" ಎಂದರು. ನಗರದಲ್ಲಿ ಪುಕ್ಕಟೆಯ ಗ್ರಂಥಾಲಯವೂ ಇದೆ. ಪುಕ್ಕಟೆಯ ಕುರ್ಚಿಗಾಗಿ ನನ್ನನ್ನು ಯಾರೂ ಮನೆಯಿಂದ ಹೊರಗೆ ಅಟ್ಟುತ್ತಿರಲಿಲ್ಲ.

ಬಸ್ಸಿನದು ಬೇರೆ ಮಾತು, ಅದು ಪುಕ್ಕಟೆ ಇರುವುದರಿಂದಲೇ ನನ್ನ ಲೆಕ್ಕ ಕೂಡಿದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಾಗ ನಮ್ಮ ಕಡೆ ಎಲ್ಲರೂ ದೇವಸ್ಥಾನಕ್ಕೆ ಹೊರಟರು. ನನಗೆ ಹೊಳೆದದ್ದು ಪೆಟ್ಟಿಗೆಯಲ್ಲಿದ್ದ ಅಂಕಪಟ್ಟಿ. ದಿನವೂ ಬರುವ ದಾರಿಯಲ್ಲಿ ತೊರವಿ ಸಿಗುತ್ತದೆ. ಅಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಎದುರು ಅರ್ಧ ಬಸ್ ಖಾಲಿಯಾಗುತ್ತದೆ. 2003ರಲ್ಲಿ ಆರಂಭವಾದ, ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ ಅದು. ಬ್ಯಾಗು ಸರಿಪಡಿಸಿಕೊಳ್ಳುತ್ತ ಇಳಿಯುವ ಹುಡುಗಿಯರನ್ನು ಕಂಡರೆ ಇಂದಿಗೂ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಇಡೀ ದೇಶದ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಂತೆ ಒಟ್ಟು ದಾಖಲಾತಿ ಪ್ರಮಾಣದಲ್ಲಿ ಹುಡುಗಿಯರು ಶೇ. 28.5, ಹುಡುಗರು ಶೇ. 28.3. ಹುಡುಗಿಯರೇ ಒಂದು ಕೂದಲೆಳೆ ಮುಂದೆ. ಸಂತೋಷ. ಆದರೆ ಅದು ಹೆಸರು ಹಚ್ಚಿದವರ ಲೆಕ್ಕ. ಹೆಸರನ್ನು ನಾನೂ ಒಮ್ಮೆ ಹಚ್ಚಿದ್ದೆ.

ಸೌಕರ್ಯದ ಮಾತಿಗೆ ಬರುತ್ತೇನೆ. ಇನ್ವರ್ಟರ್ ಇದೆ, ಕರೆಂಟ್ ಹೋದರೆ ಬಲ್ಬು ಉರಿಯುತ್ತದೆ, ಫ್ಯಾನು ತಿರುಗುವುದಿಲ್ಲ. ಕೂಲರ್ ಒಂದಿದೆ, ಅದರ ಸದ್ದು ಹಿಟ್ಟಿನ ಗಿರಣಿಯ ಸದ್ದು. ವೈಫೈ ಬಗ್ಗೆ ಫಲಕದಲ್ಲಿ ಬರೆದಿದ್ದಾರೆ, ಫಲಕದಲ್ಲಿ ಮಾತ್ರ ಇದೆ.

ನನ್ನ ದೊಡ್ಡ ತಕರಾರು ವೇಳೆಯದು. ಗಂಡಸರ ಮಹಡಿ ರಾತ್ರಿ ಹನ್ನೊಂದರವರೆಗೆ ತೆರೆದಿರುತ್ತದೆ, ಹೆಂಗಸರ ಕೋಣೆ ಏಳಕ್ಕೆ ಬಂದ್. ದರ ಮಾತ್ರ ಮೊದಲು ಇಬ್ಬರಿಗೂ 700 ಇತ್ತು. ಏಕೆ ಬಂದ್ ಎಂದರೆ, "ತಂಗಿ, ನಿಮ್ಮ ಮನೆಯವರು ನನಗೆ ಫೋನ್ ಮಾಡುತ್ತಾರೆ" ಎಂದರು ಕಾಕಾ. ಅದು ಸುಳ್ಳಲ್ಲ. ಏಳಕ್ಕೆ ಬಾಗಿಲು ಹಾಕುತ್ತಾರೆ ಎಂದು ಕೇಳಿಯೇ ಎಷ್ಟೋ ತಂದೆಯರು ಮಗಳನ್ನು ಇಲ್ಲಿಗೆ ಸೇರಿಸುತ್ತಾರೆ. ನನಗೂ ಏಳರ ನಂತರ ಹಳ್ಳಿಗೆ ಬಸ್ಸಿನ ಚಿಂತೆ. ಆದರೆ ಇದೇ ಓಣಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿರುವ ಇಂಡಿ ತಾಲೂಕಿನ ಹುಡುಗಿಯರಿಗೆ ಆ ನಾಲ್ಕು ತಾಸುಗಳೇ ಬೇಕು. ಹಗಲು ಅವರು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ನಾವು ಆರು ಜನ ಹೋಗಿ, ವೇಳೆ ಹೆಚ್ಚಿಸಿ, ಇಲ್ಲವೇ ದರ ಇಳಿಸಿ ಎಂದೆವು. ಮೂರು ದಿನ ಯೋಚಿಸಿ ದರ ಇಳಿಸಿದರು, 600 ಮಾಡಿದರು. ನಾವು ಗೆದ್ದೆವೆಂದು ಪೇಢೆ ಹಂಚಿದೆವು. ಇಂಡಿ ತಾಲೂಕಿನ ಹುಡುಗಿಯರು ತಿನ್ನಲಿಲ್ಲ.

ಮಕ್ಕಳಿಗೆ ಪ್ರವೇಶವಿಲ್ಲ ಎಂದು ಗೋಡೆಯ ಮೇಲಿದೆ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ನನ್ನ ಮಗಳು ನನ್ನ ಜೊತೆಗೇ ಬರಬೇಕಾದ ದಿನಗಳಿರುತ್ತವೆ. ಆಗ ಅವಳು ಹಿಂದಿನ ಮನೆಯಲ್ಲಿ ಕಾಕಾನ ಹೆಂಡತಿ, ಕಾಕು, ಅವರ ಬಳಿ ಚುರುಮುರಿ ತಿನ್ನುತ್ತ ಕೂರುತ್ತಾಳೆ. ಈ ಸೇವೆ ಯಾವ ಫಲಕದಲ್ಲೂ ಇಲ್ಲ.

ಫಲಕದಲ್ಲಿಲ್ಲದ ಇನ್ನೊಂದು ಸಂಗತಿಯಿದೆ. ನಾಲ್ಕನೆಯ ಕ್ಯಾಬಿನ್‌ನಲ್ಲಿ ಕೊನೆಯ ವರ್ಷದ ಬಿಕಾಂ ಹುಡುಗಿಯೊಬ್ಬಳಿದ್ದಳು. ಗಟ್ಟಿಯಾಗಿ ಓದುವ ಚಟ, ನಾನೇ ಎರಡು ಸಲ ಗದರಿದ್ದೆ. ಕಳೆದ ತಿಂಗಳು ಅಕ್ಷಯ ತದಿಗೆಯ ಮುಂಚೆ ಬರುವುದು ನಿಲ್ಲಿಸಿದಳು. ಅವಳ ನೋಟ್‌ಬುಕ್ಕು, ನೀರಿನ ಬಾಟಲಿ ಅಲ್ಲಿಯೇ ಇದ್ದವು. ನಮ್ಮ ಭಾಗದಲ್ಲಿ ಮದುವೆಯ ಹಂಗಾಮವೂ ಪರೀಕ್ಷೆಯ ಹಂಗಾಮವೂ ಒಂದರ ಮೇಲೊಂದು ಬಂದು ಬೀಳುತ್ತವೆ. ಯಾರೂ ಏನೂ ಕೇಳಲಿಲ್ಲ, ಎಲ್ಲರಿಗೂ ತಿಳಿದಿತ್ತು. ತಿಂಗಳು ಮುಗಿದ ಮೇಲೆ ಆ ಕ್ಯಾಬಿನ್ ಬೇರೆಯವರಿಗೆ ಹೋಗಬೇಕು. ಕಾಕಾ ಕೊಡಲಿಲ್ಲ, ಕೇಳಿದವರಿಗೆ ಪ್ಲಗ್ ಕೆಟ್ಟಿದೆ ಎಂದರು. ಕಾಕು ನೋಟ್‌ಬುಕ್ಕನ್ನು ತಮ್ಮ ಕಪಾಟಿನಲ್ಲಿ ಎತ್ತಿಟ್ಟರು. ಮೊನ್ನೆ ಅವಳು ಗಂಡನ ಬೈಕಿನಲ್ಲಿ ಬಂದಳು, ಕೈಯಲ್ಲಿ ಮೊಣಕೈವರೆಗೆ ಹಸಿರು ಬಳೆ. ನೋಟ್‌ಬುಕ್ ತೆಗೆದುಕೊಂಡು ಹೋಗಲು ಬಂದಿದ್ದಾಳೆಂದೇ ನಾವು ತಿಳಿದೆವು. ಪರೀಕ್ಷೆಗೆ ಹತ್ತು ದಿನ ಉಳಿದಿದೆ, ಹತ್ತು ದಿನಕ್ಕೆ ಮಾತ್ರ ದರವೆಷ್ಟು ಎಂದು ಕೇಳಿದಳು. ಹತ್ತು ದಿನದ ದರ ಎಂಬುದು ಇಲ್ಲಿ ಇರಲೇ ಇಲ್ಲ. ಕಾಕಾ ಸ್ವಲ್ಪ ಹೊತ್ತು ರಸೀದಿ ಪುಸ್ತಕ ತಿರುವಿ, 200 ಎಂದರು. ಗಂಡ ಜೇಬಿಗೆ ಕೈ ಹಾಕಿದ, ಅವಳು ತನ್ನ ಪರ್ಸಿನಿಂದಲೇ ಕೊಟ್ಟಳು. ಈಗ ದಿನವೂ ಬರುತ್ತಾಳೆ. ಓದುವಾಗ ಬಳೆಗಳ ಸದ್ದು, ಅದಕ್ಕೆ ನಾನು ಗದರುವುದಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಡಿತವಾದ ಒಂದು ಅಂಕ ರಾತ್ರಿ ಏಳರ ಬೀಗಕ್ಕೆ. ಸೇರುವವರು ರಸೀದಿ ಕೇಳಿ ಪಡೆಯಿರಿ, ಮನೆಯಲ್ಲಿ ತೋರಿಸಲು ಉಪಯೋಗವಾಗುತ್ತದೆ. ದ್ರಾಕ್ಷಿ ಕೊಯ್ಲು, ಒಣದ್ರಾಕ್ಷಿ ಶೆಡ್ಡಿನ ಕೆಲಸವಿರುವ ಮನೆಯವರು ಫೆಬ್ರುವರಿಯಿಂದ ಎರಡು ತಿಂಗಳು ರಜೆ ಬೇಕೆಂದು ಮೊದಲೇ ಹೇಳಿರಿ, ಅರ್ಧ ಹಣಕ್ಕೆ ಕಾಕಾ ಜಾಗ ಹಿಡಿದಿಡುತ್ತಾರೆ. ಹದಿಮೂರನೆಯ ಕ್ಯಾಬಿನ್ ಬೇಡ, ಕೂಲರಿನ ನೀರು ಪುಸ್ತಕದ ಮೇಲೆ ಸಿಡಿಯುತ್ತದೆ. ಏಳನೆಯದು ಎಲ್ಲಕ್ಕಿಂತ ಚೆನ್ನ, ಕಿಟಕಿಯಿದೆ, ಕುರ್ಚಿಯೂ ಹೊಸದು. ಜೂನ್ ಕೊನೆಯವರೆಗೆ ಅದು ನನ್ನದು.