ನೇಷನ್ಸ್ ಲೀಗೋ, ವಿಶ್ವ ಚಾಂಪಿಯನ್‌ಶಿಪ್ಪೋ?

ಮಂಡ್ಯದಲ್ಲಿ ಹೈಸ್ಕೂಲ್ ವಾಲಿಬಾಲ್ ತಂಡಕ್ಕೆ ಆಡುವ ಅಕ್ಕನ ಮಗಳು ಮೊನ್ನೆ ಕೇಳಿದಳು: "ಚಿಕ್ಕಮ್ಮ, ನೋಡಿ ಕಲೀಬೇಕು ಅಂದ್ರೆ ಯಾವ ಟೂರ್ನಿ ನೋಡ್ಲಿ?"

ಕಲಿಯೋಕಾದ್ರೆ ಮಹಿಳೆಯರ ನೇಷನ್ಸ್ ಲೀಗೇ ಸರಿ. 2025ರಲ್ಲಿ 18 ತಂಡಗಳಿದ್ದವು. ಮೊದಲ ಹಂತದಲ್ಲೇ ಒಂದೊಂದಕ್ಕೂ 12 ಪಂದ್ಯ. ಒಬ್ಬಳೇ ಸೆಟ್ಟರ್ ಮೇಲೆ, ಅಂದ್ರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳ ಮೇಲೆ, ಮೂರು ವಾರ ಕಣ್ಣಿಡಬಹುದು. ಅಕ್ಕನ ಮಗಳೂ ಸೆಟ್ಟರ್. ಚೆಂಡು ಬೆರಳಿಗೆ ತಾಗುವ ಮೊದಲೇ ಇವಳ ಭುಜ ಚೆಂಡು ಕೊಡುವ ಕಡೆಗೆ ವಾಲುತ್ತದೆ, ಎದುರಿನ ಹುಡುಗಿಯರು ಆಗಲೇ ಹೊಡೆತ ತಡೆಯಲು ಬ್ಲಾಕ್‌ಗೆ ಓಡಿರುತ್ತಾರೆ. ಇಟಲಿಯ ಸೆಟ್ಟರ್ ಅಲೆಸಿಯಾ ಓರೊ ಹಾಗೆ ಗುಟ್ಟು ಬಿಟ್ಟುಕೊಡಲ್ಲ. ಆದರೆ ಲೀಗ್‌ನಲ್ಲಿ ಕೆಲವು ತಂಡಗಳು ಮುಖ್ಯ ಆಟಗಾರ್ತಿಯರಿಗೆ ಒಂದೆರಡು ವಾರ ರಜೆ ಕೊಡುವುದುಂಟು. ಕಾವು ಸ್ವಲ್ಪ ಕಮ್ಮಿ.

ಕಾವೇ ಬೇಕಾ? ವಿಶ್ವ ಚಾಂಪಿಯನ್‌ಶಿಪ್ ನೋಡಿ. 32 ತಂಡ, ಗುಂಪಿನಲ್ಲಿ ಮೂರೇ ಪಂದ್ಯ, ಆಮೇಲೆ ಸೋತವರು ಗಂಟುಮೂಟೆ ಕಟ್ಟಬೇಕು. 2025ರ ಬ್ಯಾಂಕಾಕ್ ಫೈನಲ್‌ನಲ್ಲಿ ಇಟಲಿ ಎರಡನೇ ಸೆಟ್ಟನ್ನು 13-25ರಲ್ಲಿ ಕಳಕೊಂಡೂ ಟರ್ಕಿಯನ್ನು 3-2ರಲ್ಲಿ ಸೋಲಿಸಿತು. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಓರೊನೇ! ಮುಂದಿನದು 2027ಕ್ಕೆ. ಲೀಗ್ ಪ್ರತಿ ವರ್ಷ ಇರುತ್ತದೆ, ಅಲ್ವಾ.

2025ರಲ್ಲಿ ಭಾರತ ಎರಡರಲ್ಲೂ ಇರಲಿಲ್ಲ. ಅದೊಂದು ಬೇಜಾರು.

ಹುಡುಗಿಗೆ ಲೀಗ್ ಪಂದ್ಯ ಹಾಕಿಕೊಟ್ಟೆ, ಕಾಮೆಂಟರಿ ಮ್ಯೂಟ್ ಮಾಡಿ.