ಘರ್ಷಣೆಯ ಪೆಟ್ಟಿಗೆ: ಒಂದು ವರ್ಷ ಬಳಸಿದ ಮೇಲೆ

ಹದಿಮೂರು ವರ್ಷದ ಮಕ್ಕಳಿಗೆ ವಿಜ್ಞಾನ ಕಲಿಸುವುದು ನನ್ನ ಕೆಲಸ. ಘರ್ಷಣೆಯ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಒಂದು ಚೌಕ ಬರೆದು, ಅದಕ್ಕೆ ನಾಲ್ಕು ಬಾಣ ಎಳೆದು ಮುಗಿಸುತ್ತಿದ್ದೆ. ಮಕ್ಕಳು ಆ ಬಾಣಗಳನ್ನೇ ಪರೀಕ್ಷೆಯಲ್ಲಿ ಇಳಿಸುತ್ತಿದ್ದರು. ಕಳೆದ ವರ್ಷ ಘರ್ಷಣೆಯ ಪ್ರಯೋಗಗಳಿಗೆಂದೇ ಮಾಡಿದ ಪೆಟ್ಟಿಗೆಯೊಂದನ್ನು ತರಿಸಿದೆ. ಅದರಲ್ಲಿರುವುದು ಕೊಕ್ಕೆ ಹಾಕಿದ 200 ಗ್ರಾಂ ತೂಕದ ಮರದ ತುಂಡು, 100 ಗ್ರಾಮಿನ ಮೂರು ಬಟ್ಟುಗಳು, ಎಳೆಯುವ ಬಲವನ್ನು 5 ನ್ಯೂಟನ್‌ವರೆಗೆ ಅಳೆಯುವ ಸ್ಪ್ರಿಂಗ್ ತ್ರಾಸು, ಕೋನಮಾಪಕ ಕೂಡಿಸಿದ ಹಲಗೆ, ಆರು ದುಂಡನೆಯ ಕಡ್ಡಿಗಳು, ಒಂದು ಪುಟ್ಟ ಗಾಡಿ, ಕಾಗದದ ಪ್ಯಾರಾಚೂಟ್ ಮತ್ತು ಕೈಪಿಡಿ.

ಕೊಟ್ಟ ಹಣ ಸಾರ್ಥಕವಾದದ್ದು ಸ್ಪ್ರಿಂಗ್ ತ್ರಾಸಿನಿಂದ. ಮೂರು ಬಟ್ಟುಗಳನ್ನೂ ಹೇರಿದ ಮರದ ತುಂಡನ್ನು ಹಲಗೆಯ ಮೇಲಿಟ್ಟು ಮೆಲ್ಲಗೆ ಎಳೆಯಬೇಕು. ಮುಳ್ಳು ಅರ್ಧ ನ್ಯೂಟನ್ ತೋರಿಸುತ್ತದೆ, ತುಂಡು ಕದಲುವುದಿಲ್ಲ. ಒಂದಕ್ಕೆ ಬರುತ್ತದೆ, ಒಂದೂವರೆಗೆ ಬರುತ್ತದೆ, ಇನ್ನೂ ಇಲ್ಲ. ಎರಡರ ಹತ್ತಿರ ತಟ್ಟನೆ ಹೊರಡುತ್ತದೆ. ಹೊರಟ ಕೂಡಲೇ ಮುಳ್ಳು ಒಂದೂವರೆಗೆ ಇಳಿಯುತ್ತದೆ. ನಿಂತದ್ದನ್ನು ಹೊರಡಿಸುವುದು ಕಷ್ಟ, ಹೊರಟದ್ದನ್ನು ಜಾರಿಸಿಕೊಂಡು ಹೋಗುವುದು ಅದಕ್ಕಿಂತ ಸುಲಭ ಎಂಬುದು ಕೈಗೂ ಗೊತ್ತಾಗುತ್ತದೆ, ಕಣ್ಣಿಗೂ ಕಾಣುತ್ತದೆ.

ಒಬ್ಬ ಹುಡುಗಿ ಮುಳ್ಳನ್ನು ಒಂದರಲ್ಲಿ ನಿಲ್ಲಿಸಿಕೊಂಡು, ಕೈ ಅಲುಗಿಸದೆ ಬಹಳ ಹೊತ್ತು ನೋಡಿದಳು. “ಟೀಚರ್, ನಾನು ಎಳೆಯುತ್ತಲೇ ಇದ್ದೇನೆ, ಇದು ಬರುತ್ತಿಲ್ಲ. ಹಾಗಾದರೆ ಹಲಗೆಯೂ ನನ್ನಷ್ಟೇ ಹಿಂದಕ್ಕೆ ಎಳೆಯುತ್ತಿದೆಯೇ?” ಎಂದಳು. ಇನ್ನಷ್ಟು ಎಳೆದು, “ಈಗ ಅದೂ ಹೆಚ್ಚಿಗೆ ಎಳೆಯುತ್ತಿದೆ” ಎಂದು ತಾನೇ ಹೇಳಿದಳು. ಸ್ಥಾಯಿ ಘರ್ಷಣೆ, ಅಂದರೆ ನಿಂತ ವಸ್ತುವನ್ನು ಹೊರಡದಂತೆ ತಡೆಯುವ ಘರ್ಷಣೆ, ಒಂದು ಮಿತಿಯವರೆಗೆ ನಮ್ಮ ಎಳೆತಕ್ಕೆ ಸರಿಸಮನಾಗಿ ಬೆಳೆಯುತ್ತದೆ. ಇಷ್ಟು ವರ್ಷ ನಾನು ಹೇಳಿಯೂ ಮುಟ್ಟಿಸಲಾಗದ ಮಾತು ಅದು.

ಹಲಗೆಯೂ ಗಟ್ಟಿಮುಟ್ಟಾಗಿದೆ, ಕೀಲು ಸಡಿಲವಾಗಿಲ್ಲ. ಒಂದು ತುದಿಯನ್ನು ಎತ್ತುತ್ತಾ ಹೋದರೆ ಮರದ ತುಂಡು ಸುಮಾರು 22 ಡಿಗ್ರಿಯಲ್ಲಿ ಜಾರುತ್ತದೆ. ಬಟ್ಟು ಹೇರಿದರೆ ಬೇಗ ಜಾರುತ್ತದೆ ಎಂದು ಅರ್ಧ ತರಗತಿ ವಾದಿಸಿತು, ತಡವಾಗುತ್ತದೆ ಎಂದು ಉಳಿದರ್ಧ. ಹೇರಿ ನೋಡಿದರೆ ಮತ್ತೆ ಅದೇ 22ರ ಆಸುಪಾಸು. ತೂಕ ಹೆಚ್ಚಿದಾಗ ಇಳಿಜಾರಿನಲ್ಲಿ ಕೆಳಕ್ಕೆ ಸೆಳೆಯುವ ಬಲ ಹೆಚ್ಚುತ್ತದೆ, ಹಲಗೆಯನ್ನು ಒತ್ತುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚಿ ಘರ್ಷಣೆಯನ್ನು ಬೆಳೆಸುತ್ತದೆ. ತುಂಡನ್ನು ಹೊರಡಿಸಲು ಬೇಕಾದ ಬಲವನ್ನು ಹಲಗೆಯನ್ನು ಒತ್ತುವ ಬಲದಿಂದ ಭಾಗಿಸಿದರೆ ಬರುವುದೇ ಸ್ಥಾಯಿ ಘರ್ಷಣಾಂಕ. ಆ ಕೋನದ ಟ್ಯಾಂಜೆಂಟ್, ಅಂದರೆ ಹಲಗೆಯ ತುದಿಯ ಎತ್ತರವನ್ನು ಅದರಡಿಯ ಅಡ್ಡ ದೂರದಿಂದ ಭಾಗಿಸಿದ ಬೆಲೆಯೂ ಅದೇ, ಇಲ್ಲಿ 0.4. ತ್ರಾಸು ತೋರಿಸಿದ 2 ನ್ಯೂಟನ್ನನ್ನು ತುಂಡು ಮತ್ತು ಬಟ್ಟುಗಳ ಒಟ್ಟು ತೂಕವಾದ 4.9 ನ್ಯೂಟನ್ನಿಂದ ಭಾಗಿಸಿದರೂ ಹೆಚ್ಚುಕಡಿಮೆ ಅಷ್ಟೇ. ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಸಂಖ್ಯೆಗೆ ಬಂದು ನಿಂತಾಗ ನನಗೇ ಮೈ ಜುಮ್ಮೆಂದಿತು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಮರದ ತುಂಡಿನ ಮೇಲೆ. ಅದರ ಅಗಲವಾದ ಒಂದು ಮುಖ ಬರಿಯ ಮರ, ಇನ್ನೊಂದಕ್ಕೆ ರಬ್ಬರ್. ಕಿರಿದಾದ ಒಂದು ಮಗ್ಗುಲಿಗೆ ಮರಳು ಕಾಗದ, ಇನ್ನೊಂದಕ್ಕೆ ಹೊಳೆಯುವ ವಾರ್ನಿಷ್. ಕೈಪಿಡಿ ನೋಡಿದರೆ, ತುಂಡನ್ನು ಮಗ್ಗುಲಾಗಿಸಿ ಎಳೆಯಿರಿ, ತಾಗುವ ವಿಸ್ತೀರ್ಣ ಕಡಿಮೆಯಾದರೂ ಘರ್ಷಣೆ ಬದಲಾಗುವುದಿಲ್ಲ ಎನ್ನುತ್ತದೆ. ಮೇಲ್ಮೈಯೇ ಬೇರೆಯಾದ ಮೇಲೆ ಬದಲಾಗದೆ ಇರುತ್ತದೆಯೇ? ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ, ಫ್ರಾನ್ಸಿನ ಅಮೊಂಟನ್ಸ್ 1699ರಲ್ಲಿ ಮತ್ತೆ ಕಂಡುಕೊಂಡು ಮಂಡಿಸಿದ ನಿಯಮವಿದು. ತೋರಿಸಲು ಒಂದು ಅಗಲ ಮುಖ ಮತ್ತು ಒಂದು ಮಗ್ಗುಲು ಎರಡೂ ಬರಿಯ ಮರವಾಗಿದ್ದರೆ ಸಾಕಿತ್ತು. ಮಕ್ಕಳು ಅಳೆದು “ನಿಯಮ ತಪ್ಪು” ಎಂದು ಬರೆದರು. ಅಳತೆ ಸರಿಯಾಗಿಯೇ ಇತ್ತು, ಹಾಗಾಗಿ ಕೆಂಪು ಶಾಯಿ ಹಚ್ಚಲಿಲ್ಲ. ವಾರ್ನಿಷನ್ನು ಉಜ್ಜಿ ತೆಗೆದು ಮತ್ತೆ ಅಳೆಯಲು ಹೇಳಿದೆ. ಎರಡೂ ಕಡೆ ಮುಳ್ಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ನಿಂತಿತು.

ಕೈಪಿಡಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ “ಘರ್ಷಣೆ ಚಲನೆಯ ಶತ್ರು” ಎಂದಿದೆ. ಆ ಪುಟವನ್ನು ನಾನು ಮಕ್ಕಳಿಗೆ ಕೊಡುವುದೇ ಇಲ್ಲ. ನಡೆಯುವಾಗ ಪಾದ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನಮ್ಮನ್ನು ಮುಂದಕ್ಕೆ ನೂಕುವುದು ಅದೇ ಘರ್ಷಣೆ. ಒದ್ದೆಯಾದ ನುಣುಪು ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟವರಿಗೆ ಅದು ಮಿತ್ರನೋ ಶತ್ರುವೋ ಎಂದು ತಿಳಿಸಿ ಹೇಳಬೇಕಾಗಿಲ್ಲ.

ಕಡ್ಡಿಗಳ ಮೇಲೆ ತುಂಡನ್ನು ಉರುಳಿಸಿದಾಗ ಎಳೆತ ಎಷ್ಟು ಕಡಿಮೆಯೆಂದರೆ 5 ನ್ಯೂಟನ್ ತ್ರಾಸಿನ ಮುಳ್ಳು ಮೊದಲ ಗೆರೆಯನ್ನು ದಾಟುವುದೇ ಕಷ್ಟ. ಜೊತೆಗೆ 1 ನ್ಯೂಟನ್ನಿನ ಇನ್ನೊಂದು ತ್ರಾಸು ಬೇಕಿತ್ತು. ಗಾಡಿಯ ಅಚ್ಚು ಕಿರುಗುಟ್ಟುತ್ತಿತ್ತು. ಎಣ್ಣೆ ಬಿಟ್ಟರೆ ಧೂಳು ಹಿಡಿಯಿತು, ಒರೆಸಿ ಪೆನ್ಸಿಲ್ ಸೀಸದ ಪುಡಿ ಉದುರಿಸಿದ ಮೇಲೆ ಸರಾಗವಾಗಿ ಓಡಿತು. ಪೆನ್ಸಿಲ್ ಸೀಸ ಎಂದರೆ ಗ್ರಾಫೈಟ್, ಅದರ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಪ್ಯಾರಾಚೂಟ್ ಎರಡನೆಯ ದಿನವೇ ಹರಿಯಿತು. ಅದರ ಬದಲು ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದನ್ನು ಉಂಡೆ ಮಾಡಿ, ಎರಡನ್ನೂ ಒಟ್ಟಿಗೆ ಬಿಟ್ಟರೆ ಗಾಳಿಯ ತಡೆ ಇನ್ನೂ ಚೆನ್ನಾಗಿ ಕಾಣುತ್ತದೆ. ಗಾಳಿಯೇ ಇಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು ಎಂದರೆ, ಮಕ್ಕಳು ಇನ್ನೊಮ್ಮೆ ಹಾಳೆ ಬಿಡಬೇಕೆಂದು ಹಟ ಹಿಡಿಯುತ್ತಾರೆ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ, ಬಹುಪಾಲು ತ್ರಾಸಿಗೂ ಹಲಗೆಗೂ. ಈ ವರ್ಷ ಮಕ್ಕಳು ಹೆಚ್ಚಾಗಿದ್ದಾರೆಂದು ಇನ್ನೊಂದು ಪೆಟ್ಟಿಗೆ ತರಿಸಿದ್ದೇನೆ. ಅದರ ತುಂಡಿನ ವಾರ್ನಿಷ್ ಉಜ್ಜುವ ಕೆಲಸವನ್ನು ಆ ಹುಡುಗಿ ವಹಿಸಿಕೊಂಡಿದ್ದಾಳೆ.